ಕಲಬುರಗಿಯ ಕಂಪ್ಯೂಟರ್ ಕಸಬು

ಮಗನೋ ಮಗಳೋ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನವೇ ಕಲಬುರಗಿಯ ಗೃಹಸ್ಥರ ಮನೆಯಲ್ಲಿ ಒಂದು ಆಲೋಚನೆ ಹುಟ್ಟುತ್ತದೆ. ಬೆಂಗಳೂರಿಗೆ ಕಳುಹಿಸಬೇಕೋ, ಹೈದರಾಬಾದಿಗೋ, ಅಥವಾ ಊರಿನಲ್ಲಿಯೇ ದಾರಿ ಹುಡುಕಬೇಕೋ? ಇಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದದ್ದು 1958ರಲ್ಲಿ. ಅಂದಿನಿಂದ ವಿದ್ಯಾವಂತರಿಗೆ ಕೊರತೆಯಿಲ್ಲ. ವಿದ್ಯೆಗೆ ತಕ್ಕ ಕೆಲಸವೇ ಊರಿನಲ್ಲಿ ವಿರಳ.

ಕಂಪ್ಯೂಟರಿನ ಕೆಲಸವೇ ಇಲ್ಲವೆಂದು ನಾವು ಹೇಳುವುದಿಲ್ಲ. ಸೂಪರ್ ಮಾರ್ಕೆಟಿನ ಸುತ್ತಣ ಅಂಗಡಿಗಳಲ್ಲಿ ಅರ್ಜಿ ತುಂಬಿಕೊಡುವವರು, ಟೆಂಡರಿನ ಕಾಗದಗಳನ್ನು ಏರಿಸಿಕೊಡುವವರು ಬೇಕಾದಷ್ಟು ಮಂದಿಯಿದ್ದಾರೆ. ಕೆಂಬಾಳೆಯ ಹಣ್ಣಿಗೆ ಹೆಸರಾದ ಕಮಲಾಪುರವು ಈಚೆಗೆ ತಾಲೂಕಾಯಿತು; ಕಛೇರಿ ಬಂದಿತು, ಕಛೇರಿಯೊಡನೆ ಯಂತ್ರಗಳೂ ಯಂತ್ರದ ಮುಂದೆ ಕೂರುವವರೂ ಬಂದರು. ಆದರೆ ಈ ಕೆಲಸಗಳ ಪೈಕಿ ಹೆಚ್ಚಿನವುಗಳ ಬೇರು ಸರ್ಕಾರದ ಖಜಾನೆಯಲ್ಲಿದೆ. ಪಹಣಿಯನ್ನೇ ನೋಡಿರಿ. 'ಭೂಮಿ' ಯೋಜನೆಯಲ್ಲಿ, 2000ದ ಆಸುಪಾಸಿನಲ್ಲಿ, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಏರಿದವು. ಅದಕ್ಕೆ ಬೇಕಾದ ತಂತ್ರಾಂಶವನ್ನು ರಚಿಸಿದ್ದು ಬೆಂಗಳೂರಿನಲ್ಲಿದ್ದ ಕೇಂದ್ರ ಸರ್ಕಾರದ ಗಣಕ ಸಂಸ್ಥೆ. ಅಕ್ಷರ ತುಂಬುವ ದುಡಿಮೆ ತಾಲೂಕುಗಳಿಗೆ ಬಂದಿತು. ಬುದ್ಧಿಯ ದುಡಿಮೆ ರಾಜಧಾನಿಯಲ್ಲಿಯೇ ಉಳಿಯಿತು. ಇದೇ ನಮ್ಮನ್ನು ಕಾಡುವ ವಿಷಯ.

ಹಣವು ಬರುತ್ತಿಲ್ಲವೆಂದು ಯಾರೂ ಹೇಳಲಾರರು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಉಂಟಾಯಿತು. ಪ್ರದೇಶಕ್ಕೊಂದು ಅಭಿವೃದ್ಧಿ ಮಂಡಳಿಯಾಯಿತು. 2023-24ರ ಆಯವ್ಯಯದಲ್ಲಿ ಅದಕ್ಕೆ 5,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ, 'ಸಿ' ವರ್ಗದಲ್ಲಿ ನೂರಕ್ಕೆ 80 ಇಲ್ಲಿಯವರಿಗೇ ಮೀಸಲು. ಇದರಿಂದ ಅನೇಕ ಮನೆಗಳಲ್ಲಿ ದೀಪ ಹತ್ತಿದೆ. ಆದರೆ ಮೀಸಲಾತಿಯು ಖಾಸಗಿ ಕಂಪನಿಗಳಿಗೆ ಅನ್ವಯಿಸುವುದಿಲ್ಲವಾದ ಕಾರಣ, ತಂತ್ರಾಂಶವನ್ನು ಕಲಿತ ತರುಣನು ಆ ವಿದ್ಯೆಯನ್ನು ಮೂಲೆಗಿಟ್ಟು ಗುಮಾಸ್ತಿಕೆಯ ಪರೀಕ್ಷೆಗೆ ಇತಿಹಾಸವನ್ನು ಉರುಹೊಡೆಯುತ್ತಾನೆ. ಅವನನ್ನು ದೂರುವುದು ಹೇಗೆ? ಹಸಿವು ಮೊದಲು, ಹವ್ಯಾಸ ಆಮೇಲೆ.

ಸರ್ಕಾರವನ್ನು ನೆಚ್ಚದೆ ಸ್ವಂತ ಉದ್ಯಮ ಹೂಡಿರೆಂದು ಬೆಂಗಳೂರನ್ನು ತೋರಿಸಿ ಬುದ್ಧಿ ಹೇಳುವವರುಂಟು. ಆ ಬೆಂಗಳೂರಾದರೂ ಬೆಳೆದದ್ದು ಹೇಗೆ? 1909ರಲ್ಲಿ ಸ್ಥಾಪಿತವಾದ ವಿಜ್ಞಾನ ಸಂಸ್ಥೆಗೆ ತಾತಾ ಅವರ ದಾನದೊಡನೆ ಮೈಸೂರು ಸಂಸ್ಥಾನವು ಸುಮಾರು 370 ಎಕರೆ ನೆಲವನ್ನು ಕೊಟ್ಟಿತು. 1940ರ ವಿಮಾನ ಕಾರ್ಖಾನೆಯಲ್ಲಿ ಸಂಸ್ಥಾನದ ಬಂಡವಾಳವಿದ್ದಿತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಎಲ್ಲವೂ ಸಾರ್ವಜನಿಕರ ಹಣವೇ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬರುವ ವೇಳೆಗೆ ಕೈ ಪಳಗಿದ ಎರಡು ತಲೆಮಾರು ಅಲ್ಲಿ ಸಿದ್ಧವಾಗಿದ್ದಿತು. ಆ ವರ್ಷಗಳ ಬಹುಭಾಗ ಕಲಬುರಗಿಯು ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಷ್ಟೇ ಮೈಸೂರು ರಾಜ್ಯವನ್ನು ಸೇರಿತೆಂಬುದನ್ನು ಬುದ್ಧಿ ಹೇಳುವವರು ಮರೆಯುತ್ತಾರೆ.

ಅಲ್ಲಿ ಹಣವು ಸಂಸ್ಥೆಯಾಗಿ ನಿಂತಿತು. ನೌಕರನಿಗೆ ಮೂವತ್ತು ವರ್ಷ ಒಂದೇ ವಿದ್ಯೆಯಲ್ಲಿ ಪಳಗುವ ಅವಕಾಶವಿದ್ದಿತು. ಇಲ್ಲಿ ಅದು ಬಹುಮಟ್ಟಿಗೆ ಕಟ್ಟಡವಾಗಿ, ಯಂತ್ರವಾಗಿ, ವರ್ಷದ ಗುತ್ತಿಗೆಯಾಗಿ ಬರುತ್ತದೆ. ದೊಡ್ಡ ಟೆಂಡರುಗಳು ಹಿಂದಿನ ವಹಿವಾಟನ್ನೂ ಠೇವಣಿಯನ್ನೂ ಕೇಳುವುದರಿಂದ ಊರಿನ ನಾಲ್ಕು ಹುಡುಗರ ಅಂಗಡಿಗೆ ಅವು ಎಟುಕವು. ಬಿಲ್ಲು ತಡವಾದರೆ ಬಾಡಿಗೆಯೂ ತಡ. ತೊಗರಿಯ ವ್ಯಾಪಾರಿಗಳೂ ದಾಲ್ ಮಿಲ್ಲುಗಳೂ ಇಷ್ಟೊಂದಿರುವ ಊರಿನಲ್ಲಿ ಅವರ ಲೆಕ್ಕಪತ್ರಕ್ಕೆ ತಂತ್ರಾಂಶವನ್ನು ಊರಿನವರೇ ರಚಿಸಿದರೆ, ಖಜಾನೆಯಲ್ಲದೆ ಇನ್ನೊಬ್ಬ ಗಿರಾಕಿ ಸಿಕ್ಕಂತಾಯಿತು.

ಅಲ್ಲಿಯವರೆಗೆ ಮನೆಯ ಹಿರಿಯರು ಮಾಡಬಹುದಾದ ಒಂದು ಕೆಲಸವಿದೆ. ಮಗಳಿಗೆ ತಾಲೂಕು ಕಛೇರಿಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತೆಂದು ಪೇಡೆ ಹಂಚುವ ಮೊದಲು, ಸಂಬಳ ಕೊಡುವವರು ಇಲಾಖೆಯೋ ಗುತ್ತಿಗೆದಾರರೋ, ಗುತ್ತಿಗೆಯ ಅವಧಿ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಿರಿ. ಭವಿಷ್ಯನಿಧಿಗೆಂದು ಸಂಬಳದಿಂದ ಮುರಿದುಕೊಂಡ ಹಣವು ಖಾತೆಗೆ ಜಮೆಯಾಗಿದೆಯೇ ಎಂದು ಆಕೆಯೇ ತನ್ನ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳೂ ನೋಡಿಕೊಳ್ಳಲಿ.