ಫ್ಲೋರೈಡ್ ಸೀಮೆಯ ನೀರು, ನೆರವಿನ ಹಣ ಮತ್ತು ವಿಕಲಚೇತನರು

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳ ಹಲವು ಊರುಗಳಲ್ಲಿ ಆಳದ ಕೊಳವೆಬಾವಿ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ವರ್ಷಗಟ್ಟಲೆ ಕುಡಿದ ಹಲವರ ಕೀಲು, ಬೆನ್ನುಮೂಳೆ ಬಿಗಿದು ಬಗ್ಗಲೂ ಕೂರಲೂ ಕಷ್ಟವಾಗುತ್ತದೆ. ಇಲ್ಲಿ ನೀರಿನ ಯೋಜನೆಯನ್ನೂ ಅಂಗವೈಕಲ್ಯವನ್ನೂ ಬೇರೆಬೇರೆಯಾಗಿ ನೋಡಲಾಗದು.

ತಪ್ಪು ಕಲ್ಪನೆ: ಕಾಯಿಸಿ ಕುಡಿದರೆ ಸಾಕು.
ಸತ್ಯ: ಕುದಿಸಿದಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ.

ತಪ್ಪು ಕಲ್ಪನೆ: ಶುದ್ಧ ನೀರಿನ ಘಟಕ ಬಂದರೆ ಊರಿಗೆಲ್ಲ ನೀರು ಸಿಕ್ಕಂತೆ.
ಸತ್ಯ: 20 ಲೀಟರ್ ತುಂಬಿದ ಕ್ಯಾನ್ 20 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಘಟಕಕ್ಕೆ ಮೆಟ್ಟಿಲು, ನಾಣ್ಯ ಹಾಕುವ ಕಿಂಡಿ ಎತ್ತರದಲ್ಲಿ, ಹೊತ್ತು ತರುವವರು ಮನೆಯಲ್ಲಿಲ್ಲ ಎಂದಾದರೆ ಬೆನ್ನು ಬಿಗಿದವರಿಗೆ ಹತ್ತಿರದ ಕೊಳವೆಬಾವಿಯೇ ಗತಿ. ಯಾವ ನೀರು ಕಾಯಿಲೆ ತಂದಿತೋ ಅದನ್ನೇ ಮತ್ತೆ ಕುಡಿಯಬೇಕಾಗುತ್ತದೆ. ಇಳಿಜಾರು, ಕೈಗೆಟಕುವ ನಲ್ಲಿ, 10 ಲೀಟರ್ ಕ್ಯಾನ್, ಮನೆಗೆ ತಲುಪಿಸುವ ಏರ್ಪಾಡು ಇದ್ದರೆ ಮಾತ್ರ ಘಟಕ ಅವರದೂ ಆಗುತ್ತದೆ.

ತಪ್ಪು ಕಲ್ಪನೆ: ಹೊರದೇಶದ ನೆರವಿನಲ್ಲಿ ಗಾಲಿಕುರ್ಚಿ ಹಂಚಿದರೆ ವಿಕಲಚೇತನರ ಪಾಲು ಮುಗಿಯಿತು.
ಸತ್ಯ: ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 32ನೇ ವಿಧಿಯ ಪ್ರಕಾರ ಅಂತರರಾಷ್ಟ್ರೀಯ ಅಭಿವೃದ್ಧಿ ಕಾರ್ಯಕ್ರಮಗಳು ಅವರನ್ನೂ ಒಳಗೊಂಡಿರಬೇಕು, ಅವರಿಗೂ ಎಟಕುವಂತಿರಬೇಕು. ನೀರು, ರಸ್ತೆ, ಶಾಲೆ ಯಾವುದಕ್ಕೂ ವಿನಾಯಿತಿ ಇಲ್ಲ. ಕರ್ನಾಟಕದ ಹಳ್ಳಿಮನೆಗಳಿಗೆ ನಲ್ಲಿ ನೀರು ಕೊಡಲು ವಿಶ್ವಬ್ಯಾಂಕ್ 2023ರಲ್ಲಿ 36.3 ಕೋಟಿ ಡಾಲರ್ ಮಂಜೂರು ಮಾಡಿತು. ಅದು ದಾನವಲ್ಲ, ಸಾಲ. ಅದನ್ನು ತೀರಿಸುವ ತೆರಿಗೆಯಲ್ಲಿ ವಿಕಲಚೇತನರ ದುಡ್ಡೂ ಇದೆ.

ತಪ್ಪು ಕಲ್ಪನೆ: ಇಳಿಜಾರು, ಕೈಗೆಟಕುವ ನಲ್ಲಿ ಇಂಥದ್ದಕ್ಕೆಲ್ಲ ಖರ್ಚು ವಿಪರೀತ.
ಸತ್ಯ: ನಕ್ಷೆ ಬರೆಯುವಾಗಲೇ ಸೇರಿಸಿಕೊಂಡರೆ ಹೆಚ್ಚುವರಿ ವೆಚ್ಚ ಸಾಮಾನ್ಯವಾಗಿ ಶೇ 1ರ ಆಸುಪಾಸು. ಕಟ್ಟಿದ್ದನ್ನು ಒಡೆದು ಸರಿಪಡಿಸುವುದೇ ದುಬಾರಿ.

ತಪ್ಪು ಕಲ್ಪನೆ: ವಿಕಲಚೇತನರು ಊರಿಗೆ ಒಬ್ಬಿಬ್ಬರು.
ಸತ್ಯ: 2011ರ ಜನಗಣತಿ ರಾಜ್ಯದಲ್ಲಿ ಸುಮಾರು 13.24 ಲಕ್ಷ ಮಂದಿಯನ್ನು, ಅಂದರೆ ಶೇ 2ಕ್ಕಿಂತ ತುಸು ಹೆಚ್ಚು ಜನರನ್ನು ಗುರುತಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಲ್ಲಿ ಜಗತ್ತಿನ ಜನರಲ್ಲಿ ಶೇ 16ರಷ್ಟು ಮಂದಿಗೆ ಗಣನೀಯ ಅಂಗವೈಕಲ್ಯವಿದೆ. ಈ ಅಂತರಕ್ಕೆ ದೊಡ್ಡ ಕಾರಣ ಎಣಿಸುವ ರೀತಿ. ಸೊಂಟ ಹಿಡಿದು ನಡೆಯಲಾಗದ ಹಿರಿಯರನ್ನು ಮನೆಯವರು ‘ವಯಸ್ಸಾಯ್ತು’ ಎಂದುಬಿಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಫ್ಲೋರೈಡ್‌ನಿಂದ ಬರುವ ಈ ಕಾಯಿಲೆ, ಅಂದರೆ ಫ್ಲೋರೋಸಿಸ್ ಇಲ್ಲ. ಚಲನವೈಕಲ್ಯದ ಲೆಕ್ಕದಲ್ಲಿ ಶೇ 40 ಎಂದು ಪ್ರಮಾಣೀಕೃತವಾದರಷ್ಟೇ ಹಲವು ಸೌಲಭ್ಯ ಸಿಗುತ್ತವೆ. ಹಾಗಾಗಿ ಪ್ರಮಾಣಪತ್ರದ ಪಟ್ಟಿಯೊಂದನ್ನೇ ನಂಬಿ ನಲ್ಲಿ, ಘಟಕಗಳ ಜಾಗ ಗೊತ್ತುಮಾಡಿದರೆ ಬಹಳ ಜನ ಹೊರಗುಳಿಯುತ್ತಾರೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಆಶಾ ಕಾರ್ಯಕರ್ತೆಯರು ಮನೆಮನೆಯ ಸ್ಥಿತಿ ಬಲ್ಲವರು; ಜಾಗ ಗೊತ್ತುಮಾಡುವ ಮುಂಚೆಯೇ ಅವರನ್ನೂ ವಿಕಲಚೇತನರನ್ನೂ ಗ್ರಾಮಸಭೆಯಲ್ಲಿ ಕೇಳಬೇಕು.