ಬಿಸಿಲನ್ನು ಮಡಚಿ ಒಯ್ಯುವ ಮುನ್ನ

ಆಷಾಢಕ್ಕೆ ಇನ್ನೂ ಎರಡು ತಿಂಗಳು ಇರುವಾಗಲೇ ನಮ್ಮ ದಿಂಡಿಯ ವಾಟ್ಸಾಪ್ ಗುಂಪಿನಲ್ಲಿ ವರ್ಷವೂ ಒಂದು ಪ್ರಶ್ನೆ ಬರುತ್ತದೆ: ‘ಈ ಸಲ ವಾರಿಗೆ ಸೋಲಾರ್ ಚಾರ್ಜರ್ ಒಯ್ಯೋಣಂತ, ಯಾವುದು ಛಲೋ?’ ಪ್ರಶ್ನೆಯ ಹಿಂದೆಯೇ ನಾಲ್ಕಾರು ಚಿತ್ರಗಳೂ ಬರುತ್ತವೆ. ಒಂದರ ಮೇಲೆ 21 ವ್ಯಾಟ್ ಎಂದಿರುತ್ತದೆ, ಇನ್ನೊಂದರ ಮೇಲೆ 60, ಮತ್ತೊಂದರ ಮೇಲೆ ಅದೇ ಬೆಲೆಗೆ 100. ಮೂವತ್ತು ವರ್ಷ ಪುಣೆಯ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದವನು ಎಂಬ ಕಾರಣಕ್ಕೆ ಆ ಪ್ರಶ್ನೆ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ. ಅಲ್ಲಿ ತುಂಡು ತುಂಡಾಗಿ ಕೊಟ್ಟ ಉತ್ತರವನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ. ವಾರಿಗೆ ಹೋಗದೆ ಚಾರಣಕ್ಕೆ, ಕ್ಯಾಂಪಿಗೆ ಹೋಗುವವರಿಗೂ ಲೆಕ್ಕ ಇದೇ.

ವಾರಿ ಗೊತ್ತಿಲ್ಲದ ಚೆನ್ನೈ, ದೆಹಲಿಯ ಓದುಗರಿಗಾಗಿ ಎರಡು ಮಾತು. ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿ ಆಳಂದಿಯಿಂದ, ತುಕಾರಾಮ ಮಹಾರಾಜರ ಪಲ್ಲಕ್ಕಿ ದೇಹೂವಿನಿಂದ ಹೊರಟು ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ ಮುಟ್ಟುತ್ತವೆ. ಸುಮಾರು ಮೂರು ವಾರಗಳ ಕಾಲ್ನಡಿಗೆ. ಲಕ್ಷಾಂತರ ಜನ ‘ದಿಂಡಿ’ ಎಂಬ ತಂಡಗಳಲ್ಲಿ ನಡೆಯುತ್ತಾರೆ. ಪ್ರತಿ ದಿಂಡಿಗೂ ಸಾಮಾನು, ತಂಬು, ಅಡುಗೆ ಪಾತ್ರೆ ಹೊರುವ ಲಾರಿ ಇರುತ್ತದೆ. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ್ ಕಡೆಯ ಕನ್ನಡಿಗರಿಗೆ ಪಂಢರಪುರ ಪರವೂರಲ್ಲ. ಪುಣೆಯಲ್ಲಿ ನೆಲೆಸಿದ ನಾವು ಎಂಟು ಜನ ಪ್ರತಿ ವರ್ಷ ಆಳಂದಿಯ ಪಲ್ಲಕ್ಕಿಯ ಜೊತೆ ನಡೆಯುತ್ತೇವೆ. ಅವರಲ್ಲಿ ಐದು ಜನ ಎಪ್ಪತ್ತರ ಆಚೆಯವರು.

ಫೋನಿನ ಚಿಂತೆ ಶುರುವಾದದ್ದು ನಮ್ಮ ಕಾಕುವಿನಿಂದ. ಪುಣೆಯಿಂದ ಸಾಸವಡಕ್ಕೆ ಹೋಗುವ ದಿನ ಇಡೀ ವಾರಿಯಲ್ಲೇ ದೀರ್ಘವಾದ ನಡಿಗೆ, ನಡುವೆ ದಿವೇಘಾಟದ ಏರು. ಎರಡು ವರ್ಷದ ಹಿಂದೆ ಆ ಘಾಟಿನ ಗರ್ದಿಯಲ್ಲಿ ಕಾಕು ನಮ್ಮಿಂದ ತಪ್ಪಿಸಿಕೊಂಡರು. ಸಕ್ಕರೆ ಕಾಯಿಲೆಯವರು, ಗುಳಿಗೆಯ ಚೀಲ ನಮ್ಮ ಹತ್ತಿರ. ಫೋನ್ ಹಚ್ಚಿದರೆ ಸ್ವಿಚ್ ಆಫ್. ಸಂಜೆ ಸಾಸವಡದಲ್ಲಿ ಮೈಕಿನಲ್ಲಿ ಹೆಸರು ಕೂಗಿಸಿದ ಮೇಲೆ ಸಿಕ್ಕರು. ‘ಫೋನ್ ಸತ್ತೇ ಹೋಗಿತ್ತಪಾ. ನಂಬರ್ ಒಂದೂ ನೆನಪಿಲ್ಲ. ಹಿಂಗಾಗಿ ಎಲ್ಲಾರೂ ಹೊಂಟ ಕಡೆ ನಾನೂ ಹೊಂಟೆ’ ಅಂದರು. ಅವರಿಗೆ ಏನೂ ಆಗಲಿಲ್ಲ. ಆದರೆ ಆ ಐದು ತಾಸು ನಮಗೆ ಹೇಗೆ ಕಳೆದವು ಎಂಬುದು ನಮಗೇ ಗೊತ್ತು.

ಮೊದಲು ಖರ್ಚು, ಆಮೇಲೆ ಪ್ಯಾನೆಲ್

ಅಂಗಡಿಯಲ್ಲಿ ಎಲ್ಲರೂ ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಅದಕ್ಕೂ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದದ್ದು ‘ದಿನಕ್ಕೆ ನಮಗೆ ಎಷ್ಟು ವ್ಯಾಟ್-ಅವರ್ ಬೇಕು?’ ವ್ಯಾಟ್ ಎಂದರೆ ನಲ್ಲಿಯಿಂದ ನೀರು ಬೀಳುವ ವೇಗ. ವ್ಯಾಟ್-ಅವರ್ ಎಂದರೆ ಕೊಡದಲ್ಲಿ ತುಂಬಿದ ನೀರು. ಕೊಡ ಎಷ್ಟು ದೊಡ್ಡದು ಎಂದು ತಿಳಿಯದೆ ನಲ್ಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಲೆಕ್ಕ ಸುಲಭ. ಈಗಿನ ಸ್ಮಾರ್ಟ್‌ಫೋನಿನ ಬ್ಯಾಟರಿ ಸಾಮಾನ್ಯವಾಗಿ 5000 ಎಂಎಎಚ್. ಅದನ್ನು ಸಾವಿರದಿಂದ ಭಾಗಿಸಿ, ಬ್ಯಾಟರಿಯ ವೋಲ್ಟೇಜ್ ಆದ ಸುಮಾರು 3.8ರಿಂದ ಗುಣಿಸಿದರೆ 19 ವ್ಯಾಟ್-ಅವರ್. ದಿನಕ್ಕೆ ಶೇ. 60ರಷ್ಟು ಬಳಸಿದರೆ ಹತ್ತಿರ ಹತ್ತಿರ 12. ನಮ್ಮ ಎಂಟು ಫೋನಿಗೆ 96. ಆದರೆ ಪ್ಯಾನೆಲ್‌ನಿಂದ ಪವರ್ ಬ್ಯಾಂಕಿಗೆ, ಅಲ್ಲಿಂದ ಫೋನಿಗೆ ಹೋಗುವಾಗ ದಾರಿಯಲ್ಲೇ ಮೂರನೇ ಒಂದು ಪಾಲು ಶಾಖವಾಗಿ ಸೋರಿಹೋಗುತ್ತದೆ. ಅಂದರೆ ಪ್ಯಾನೆಲ್ ದಿನಕ್ಕೆ 140 ವ್ಯಾಟ್-ಅವರ್‌ಗಿಂತ ಹೆಚ್ಚು ಕೊಡಬೇಕು.

ಪವರ್ ಬ್ಯಾಂಕಿನಲ್ಲೂ ಇದೇ ಸೋರಿಕೆ ಇದೆ. 10000 ಎಂಎಎಚ್ ಎಂದು ಬರೆದಿದ್ದರೆ 5000ದ ಫೋನ್ ಎರಡು ಸಲ ತುಂಬುತ್ತದೆ ಎಂದು ತಿಳಿಯುತ್ತೇವೆ. ತುಂಬುವುದು ಒಂದು ಸಲ ಪೂರ್ತಿ, ಮತ್ತೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಒಳ್ಳೆಯ ಕಂಪನಿಗಳು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಎಂದು ಆರು ಸಾವಿರದ ಆಸುಪಾಸಿನ ಅಂಕಿ ಮುದ್ರಿಸಿರುತ್ತವೆ. ನಂಬಬೇಕಾದದ್ದು ಆ ಸಣ್ಣ ಅಕ್ಷರವನ್ನು.

ಡಬ್ಬದ ಮೇಲಿನ ವ್ಯಾಟ್, ನೆಲದ ಮೇಲಿನ ವ್ಯಾಟ್

ಪ್ಯಾನೆಲ್‌ನ ಮೇಲೆ ಬರೆದ ವ್ಯಾಟ್ ಪ್ರಯೋಗಾಲಯದ್ದು. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುವಾಗ, ಸೆಲ್ಲಿನ ಉಷ್ಣತೆ 25 ಡಿಗ್ರಿ ಇರುವಾಗ ಸಿಗುವ ಅಂಕಿ ಅದು. ನಮ್ಮ ಬಿಸಿಲಿನಲ್ಲಿ ಸೆಲ್ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಒಂದೊಂದು ಡಿಗ್ರಿ ಏರಿದಂತೆ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಕುಸಿಯುತ್ತದೆ, ಅಂದರೆ ಕಾವಿಗೇ ಶೇ. 10ಕ್ಕೂ ಹೆಚ್ಚು ಹೋಯಿತು. ಕೋನ, ಧೂಳು, ತಂತಿಯ ನಷ್ಟ ಸೇರಿಸಿದರೆ ಒಳ್ಳೆಯ ಪ್ಯಾನೆಲ್ ಕೂಡ ಬರೆದದ್ದರ ಶೇ. 60ರಿಂದ 70 ಕೊಟ್ಟರೆ ಸಂತೋಷಪಡಬೇಕು.

ನನ್ನ ಹತ್ತಿರ ಇರುವ 28 ವ್ಯಾಟಿನ ಪ್ಯಾನೆಲ್ಲನ್ನು ಮನೆಯ ತಾರಸಿಯ ಮೇಲೆ ಅಳೆದು ನೋಡಿದ್ದೇನೆ. ಮೇ ತಿಂಗಳ ನಡುಹಗಲಿನಲ್ಲಿ ಸಿಕ್ಕದ್ದು 18 ವ್ಯಾಟ್. ತೆಳು ಮೋಡ ಬಂದಾಗ 6. ಮುಸುಕಿದ ಮಳೆಮೋಡದಲ್ಲಿ 2. ಅಳೆಯಲು ಕೆಲವು ನೂರು ರೂಪಾಯಿಯ ಯುಎಸ್‌ಬಿ ಮೀಟರ್ ಸಾಕು. ಪ್ಯಾನೆಲ್ ಮತ್ತು ಪವರ್ ಬ್ಯಾಂಕ್ ನಡುವೆ ಸಿಕ್ಕಿಸಿದರೆ ನಿಜ ಹೇಳುತ್ತದೆ. ಪ್ಯಾನೆಲ್ ಕೊಳ್ಳುವವರು ಅದನ್ನೂ ಕೊಳ್ಳಿ.

ಇನ್ನು ಸುಳ್ಳು ಅಂಕಿ ಹಿಡಿಯುವ ಉಪಾಯ. ಇದಕ್ಕೆ ಮೀಟರೂ ಬೇಡ, ಒಂದು ಎ4 ಕಾಗದ ಸಾಕು. ಮೊನೊಕ್ರಿಸ್ಟಲೈನ್ ಸಿಲಿಕಾನ್ ಸೆಲ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 22ರಷ್ಟನ್ನು ವಿದ್ಯುತ್ ಮಾಡುತ್ತದೆ. ಎ4 ಹಾಳೆಯ ವಿಸ್ತೀರ್ಣ ಚದರ ಮೀಟರಿನ ಹದಿನಾರನೇ ಒಂದು ಭಾಗ. ಆದ್ದರಿಂದ ಒಂದು ಎ4ನಷ್ಟು ಕರಿ ಸೆಲ್ ಅತ್ಯುತ್ತಮ ಬಿಸಿಲಿನಲ್ಲೂ 14 ವ್ಯಾಟ್ ದಾಟುವುದಿಲ್ಲ. ಬಟ್ಟೆಯ ಅಂಚು ಬಿಟ್ಟು ಬರೀ ಸೆಲ್ ಅಳೆಯಿರಿ. ಬಿಚ್ಚಿದಾಗ ಎರಡು ಎ4 ಇದ್ದರೆ 28 ವ್ಯಾಟ್ ಎಂಬುದು ನಂಬುವ ಮಾತು. ಅಷ್ಟೇ ಅಳತೆಗೆ 100 ವ್ಯಾಟ್ ಎಂದಿದ್ದರೆ ಆ ಡಬ್ಬ ಅಲ್ಲೇ ಇಟ್ಟು ಬನ್ನಿ.

ಬೆನ್ನ ಮೇಲೆ ಚಿಕ್ಕ ಸೋಲಾರ್ ಫಲಕ ಅಂಟಿಸಿದ ಪವರ್ ಬ್ಯಾಂಕಿನ ಲೆಕ್ಕವೂ ಹೀಗೆಯೇ. ಫೋನಿನಷ್ಟು ಅಗಲದ ಫಲಕಕ್ಕೆ ಸಿಗುವುದು ಹೆಚ್ಚೆಂದರೆ 2 ವ್ಯಾಟ್. 20000 ಎಂಎಎಚ್ ಎಂದರೆ 74 ವ್ಯಾಟ್-ಅವರ್. ಖಾಲಿಯಾದದ್ದು ತುಂಬಲು ಕಡು ಬಿಸಿಲಿನ ನಲವತ್ತು ತಾಸು ಬೇಕು. ಮೇಲಾಗಿ ಬ್ಯಾಟರಿಯನ್ನೇ ಬಿಸಿಲಿಗಿಟ್ಟು ಕಾಯಿಸಿದಂತೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡುವುದು ಅದರ ಆಯಸ್ಸಿಗೂ ಕೆಟ್ಟದ್ದು, ನಮ್ಮ ಸುರಕ್ಷತೆಗೂ ಕೆಟ್ಟದ್ದು. ಪ್ಯಾನೆಲ್ ಬಿಸಿಲಿನಲ್ಲಿ, ಪವರ್ ಬ್ಯಾಂಕ್ ನೆರಳಿನಲ್ಲಿ ಇರಬೇಕು. ಪ್ಯಾನೆಲ್‌ನ ಹಿಂದಿನ ಚೀಲದಲ್ಲಿ ಬ್ಯಾಂಕ್ ತುರುಕಿದರೂ ಅದು ಕಾದ ಹಂಚಿನ ಕೆಳಗೆ ಇಟ್ಟ ಹಾಗೆಯೇ.

ನಾವು ಮಾಡಿಕೊಂಡ ಏರ್ಪಾಡು

ಮತ್ತೆ ನಮ್ಮ 140 ವ್ಯಾಟ್-ಅವರ್ ಲೆಕ್ಕಕ್ಕೆ ಬರೋಣ. ವಾರಿಯಲ್ಲಿ ಮಧ್ಯಾಹ್ನದ ವಿಸಾವಾ, ಸಂಜೆಯ ಮುಕ್ಕಾಂ ಸೇರಿ ದಿನಕ್ಕೆ ಮೂರು ತಾಸು ಒಳ್ಳೆಯ ಬಿಸಿಲು ಸಿಕ್ಕರೆ ಹೆಚ್ಚು. 28ರ ಪ್ಯಾನೆಲ್ ಮೂರು ತಾಸಿನಲ್ಲಿ ಕೊಡುವುದು 50. ಎಂಟೂ ಫೋನ್ ನಡೆಸಲು 75ರಿಂದ 80 ವ್ಯಾಟಿನ ಪ್ಯಾನೆಲ್ ಬೇಕಾಗುತ್ತಿತ್ತು. ಅದು ದುಬಾರಿ, ಹಾಸಲು ಜಾಗ ಬೇಕು, ಕಾಯಲು ಒಬ್ಬರು ಬೇಕು, ಮೋಡ ಬಂದರೆ ಅದೂ ಮಲಗುತ್ತದೆ.

ನಾವು ಪ್ಯಾನೆಲ್ ದೊಡ್ಡದು ಮಾಡುವ ಬದಲು ಖರ್ಚು ಕಡಿಮೆ ಮಾಡಿದೆವು. ಹಿರಿಯರು ಆರು ಜನರಿಗೆ ಕೀಪ್ಯಾಡ್ ಫೋನ್. ಅದರ ಬ್ಯಾಟರಿ 1000 ಎಂಎಎಚ್, 4 ವ್ಯಾಟ್-ಅವರ್ ಕೂಡ ಇಲ್ಲ. ನಾಲ್ಕು ಮಾತಿನ ಕರೆಗಳಿದ್ದರೆ ಮೂರು ನಾಲ್ಕು ದಿನ ನಿಶ್ಚಿಂತೆ. ಆರೂ ಸೇರಿ ದಿನಕ್ಕೆ 6 ವ್ಯಾಟ್-ಅವರ್ ಆಯಿತು. ಫೋಟೊ, ನಕ್ಷೆ, ಮನೆಯವರಿಗೆ ವಿಡಿಯೊ ಕರೆಗೆ ಎರಡು ಸ್ಮಾರ್ಟ್‌ಫೋನ್, ಅವಕ್ಕೆ 24. ಒಟ್ಟು 30, ಸೋರಿಕೆ ಸೇರಿ 45. ಈಗ 28ರ ಪ್ಯಾನೆಲ್ ಸಾಕಾಯಿತು. ಬಿಸಿಲಿಲ್ಲದ ದಿನಕ್ಕೆಂದು 20000 ಎಂಎಎಚ್‌ನ ಎರಡು ಪವರ್ ಬ್ಯಾಂಕ್ ಮನೆಯಿಂದಲೇ ತುಂಬಿಸಿಕೊಂಡು ಹೋದೆವು. ಸೂರ್ಯನ ಮುಖವೇ ಕಾಣದಿದ್ದರೂ ಅವು ಮೂರು ದಿನ ಎಳೆಯುತ್ತವೆ.

ಸ್ಮಾರ್ಟ್‌ಫೋನ್ ಬಿಟ್ಟಿರಲು ಕಾಕು ಮೊದಲು ಒಪ್ಪಲಿಲ್ಲ. ‘ಮೊಮ್ಮಗನ ಮಾರಿ ಹೆಂಗ ನೋಡ್ಲಿ?’ ಅಂದರು. ರಾತ್ರಿ ಎಂಟಕ್ಕೆ ನನ್ನ ಫೋನಿನಲ್ಲಿ ಹತ್ತು ನಿಮಿಷ ಅವರದು ಎಂದು ಗೊತ್ತುಮಾಡಿಕೊಂಡ ಮೇಲೆ ಒಪ್ಪಿದರು.

ಕಳೆದ ವರ್ಷ ಪುಣೆ, ಸಾಸವಡ, ಜೇಜುರಿವರೆಗೆ ಮೋಡವೇ ಮೋಡ. ಪುಣೆ, ಸಾಸವಡಗಳಲ್ಲಿ ಪಲ್ಲಕ್ಕಿ ಎರಡೆರಡು ರಾತ್ರಿ ತಂಗುವುದರಿಂದ ಪರಿಚಯದವರ ಮನೆಯ ಕರೆಂಟು ಸಿಕ್ಕಿತು. ಲೋಣಂದ ದಾಟಿ ಫಲಟಣದ ಕಡೆ ಹೋದಂತೆ ಮಳೆನೆರಳಿನ ಬಯಲು, ಬಿಸಿಲು ಬಿಟ್ಟುಬಿಟ್ಟು ಬೀಳತೊಡಗಿತು. ಪ್ಯಾನೆಲ್ ನಿಜವಾಗಿ ದುಡಿದದ್ದು ಅಲ್ಲಿಂದ ಪಂಢರಪುರದವರೆಗೆ. ಪವರ್ ಬ್ಯಾಂಕ್ ಒಂದು ದಿನವೂ ಪೂರ್ತಿ ಖಾಲಿಯಾಗಲಿಲ್ಲ. ಆರೂ ಹಿರಿಯರ ಫೋನ್ ಏಕಾದಶಿಯವರೆಗೂ ರಿಂಗಾಗುತ್ತಿತ್ತು.

ಹಾಸುವ ಬಗೆ

ಬೆನ್ನಚೀಲಕ್ಕೆ ಕಟ್ಟಿಕೊಂಡು ನಡೆಯುವ ಚಿತ್ರ ಜಾಹೀರಾತಿನಲ್ಲಿ ಚೆಂದ ಕಾಣುತ್ತದೆ. ಪಂಢರಪುರ ಪುಣೆಗೆ ಆಗ್ನೇಯಕ್ಕಿದೆ. ಬೆಳಿಗ್ಗೆ ಸೂರ್ಯ ನಮ್ಮೆದುರು, ಬೆನ್ನಿಗೆ ನೆರಳು. ಎಲ್ಲಿಗೇ ನಡೆದರೂ ನೆಟ್ಟಗೆ ತೂಗುವ ಪ್ಯಾನೆಲ್‌ಗೆ ಬಿಸಿಲು ಓರೆಯಾಗಿಯೇ ಬೀಳುವುದು. ನಾವು ನಡೆಯುವಾಗ ಅದನ್ನು ಬಿಚ್ಚುವುದೇ ಇಲ್ಲ. ಲಾರಿ ಮುಂದೆ ಹೋಗಿ ಬಯಲಿನಲ್ಲಿ ನಿಲ್ಲುತ್ತದೆ. ಅಡುಗೆಯವರು ಅದರ ತಾಡಪತ್ರಿಯ ಮೇಲೆ ಪ್ಯಾನೆಲ್ ಹಾಸಿ, ವೈರು ಕೆಳಗಿಳಿಸಿ, ಬ್ಯಾಂಕನ್ನು ನೆರಳಿನಲ್ಲಿಡುತ್ತಾರೆ.

ಆಷಾಢದಲ್ಲಿ ಈ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ, ತುಸು ಉತ್ತರಕ್ಕೆ. ಪ್ಯಾನೆಲ್ ಮಟ್ಟಸವಾಗಿ ಹಾಸಿದರೆ ಸಾಕು. ಡಿಸೆಂಬರಿನಲ್ಲಿ ಹಾಗಲ್ಲ, ದಕ್ಷಿಣಕ್ಕೆ ಮುಖ ಮಾಡಿ ಸುಮಾರು 40 ಡಿಗ್ರಿ ಎತ್ತಿ ನಿಲ್ಲಿಸಬೇಕು. ಒಂದು ಮೂಲೆಯ ಮೇಲೆ ಹಗ್ಗದ ನೆರಳು, ಒಣಹಾಕಿದ ಟವೆಲ್ಲಿನ ನೆರಳು ಬೀಳದಂತೆ ನೋಡಿ. ಸೆಲ್ಲುಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಸೆಲ್ ಮುಚ್ಚಿದರೆ ಇಡೀ ಪ್ಯಾನೆಲ್ ಸೊರಗುತ್ತದೆ.

ಫೋನನ್ನು ನೇರವಾಗಿ ಪ್ಯಾನೆಲ್‌ಗೆ ಸಿಕ್ಕಿಸಬೇಡಿ. ಮೋಡ ಬಂದು ಹೋದಾಗಲೆಲ್ಲ ಚಾರ್ಜಿಂಗ್ ನಿಂತು ಶುರುವಾಗುತ್ತದೆ. ಕೆಲವು ಫೋನ್‌ಗಳು ಬಿಸಿಲು ಮರಳಿದರೂ ಕಡಿಮೆ ಕರೆಂಟಿನಲ್ಲೇ ಉಳಿದುಬಿಡುತ್ತವೆ, ಪಿನ್ ತೆಗೆದು ಮತ್ತೆ ಹಾಕಬೇಕಾಗುತ್ತದೆ. ಹಗಲು ಬ್ಯಾಂಕ್ ತುಂಬಲಿ, ರಾತ್ರಿ ಬ್ಯಾಂಕಿನಿಂದ ಫೋನ್ ತುಂಬಲಿ.

ಕೊಳ್ಳುವಾಗ ನೋಡಬೇಕಾದದ್ದು

ಮೇಲಿನ ಹೊದಿಕೆ ಇಟಿಎಫ್‌ಇ ಇರಲಿ. ಅಗ್ಗದ ಪೆಟ್ ಹೊದಿಕೆ ಬಿಸಿಲಿಗೆ ಬೇಗ ಹಳದಿಯಾಗುತ್ತದೆ, ಪದರ ಏಳುತ್ತದೆ. ಮಡಚುವ ಜಾಗದ ಹೊಲಿಗೆಯನ್ನು ಬೆರಳಿನಿಂದ ಎಳೆದು ನೋಡಿ, ತಂತಿ ಮೊದಲು ತುಂಡಾಗುವುದು ಅಲ್ಲೇ. ‘ವಾಟರ್‌ಪ್ರೂಫ್’ ಎಂಬ ಮಾತು ಹೆಚ್ಚಾಗಿ ಸೆಲ್ಲುಗಳಿಗೆ ಮಾತ್ರ. ಯುಎಸ್‌ಬಿ ಕಿಂಡಿಗೆ ನೀರು ತಾಗಬಾರದು, ಅದಕ್ಕೆ ಮುಚ್ಚಳ ಇದೆಯೇ ನೋಡಿ. ಎರಡು ಕಿಂಡಿಗಳಿದ್ದರೆ ಒಂದೊಂದರ ಮಿತಿ ಎಷ್ಟು, ಎರಡೂ ಸೇರಿ ಎಷ್ಟು ಎಂಬುದನ್ನು ಬೇರೆ ಬೇರೆ ಓದಿ. 5 ವೋಲ್ಟ್, 2.4 ಆಂಪಿಯರ್ ಕಿಂಡಿಯಿಂದ 12 ವ್ಯಾಟಿಗಿಂತ ಹೆಚ್ಚು ಬರುವುದಿಲ್ಲ, ಪ್ಯಾನೆಲ್ ಎಷ್ಟೇ ದೊಡ್ಡದಿರಲಿ.

ಯಾರಿಗೆ ಬೇಡ?

ಮುಂಬಯಿ, ಪುಣೆಯಿಂದ ರಾಜಮಾಚಿಗೋ ಹರಿಶ್ಚಂದ್ರಗಡಕ್ಕೋ ಒಂದು ರಾತ್ರಿಯ ಚಾರಣಕ್ಕೆ ಹೋಗುವವರಿಗೆ ಪ್ಯಾನೆಲ್ ಬೇಡವೇ ಬೇಡ. 20 ವ್ಯಾಟಿನ ಪ್ಯಾನೆಲ್ ಅರ್ಧ ಕಿಲೋ ತೂಗುತ್ತದೆ. ಅಷ್ಟೇ ಭಾರಕ್ಕೆ 10000 ಎಂಎಎಚ್‌ನ ಎರಡು ಬ್ಯಾಂಕ್ ಬರುತ್ತವೆ, ಅವಕ್ಕೆ ಮೋಡದ ಹಂಗಿಲ್ಲ. ಕರೆಂಟಿಲ್ಲದ ಕಡೆ ನಾಲ್ಕು ದಿನಕ್ಕಿಂತ ಹೆಚ್ಚು ಇರುವುದಾದರೆ ಮಾತ್ರ ಪ್ಯಾನೆಲ್ ತನ್ನ ಭಾರಕ್ಕೆ ತಕ್ಕ ಕೆಲಸ ಮಾಡುತ್ತದೆ.

ದೆಹಲಿಯಿಂದ ಹಿಮಾಲಯಕ್ಕೆ ವಾರಗಟ್ಟಲೆ ಹೋಗುವವರಿಗೆ ಅದು ಒಳ್ಳೆಯ ಜೊತೆ. ಎತ್ತರದಲ್ಲಿ ಬಿಸಿಲು ತೀಕ್ಷ್ಣ, ಚಳಿಗೆ ಸೆಲ್ ಚೆನ್ನಾಗಿ ದುಡಿಯುತ್ತದೆ. ಆದರೆ ಲಿಥಿಯಂ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಚೆನ್ನೈಯವರಿಗೆ 2015ರ ಡಿಸೆಂಬರಿನ ಪ್ರವಾಹ ಮರೆತಿರಲಾರದು. ಮಳೆ ನಿಂತು ಬಿಸಿಲು ಬಂದರೂ ಹಲವು ಬಡಾವಣೆಗಳಿಗೆ ಕರೆಂಟು ಬಂದಿರಲಿಲ್ಲ. ಅಂಥ ದಿನಕ್ಕಾಗಿ ಮನೆಯಲ್ಲಿ ಒಂದು ಇದ್ದರೆ ನಷ್ಟವಿಲ್ಲ.

ಕೊಂಡ ಮೇಲೆ ಹೊರಡುವ ದಿನದವರೆಗೆ ಡಬ್ಬದಲ್ಲಿ ಇಡಬೇಡಿ. ಹದಿನೈದು ದಿನ ಮೊದಲೇ ತಾರಸಿಗೆ ಒಯ್ದು, ಮೀಟರ್ ಹಚ್ಚಿ, ಒಂದು ಇಡೀ ದಿನ ಅಳೆಯಿರಿ. ಬರೆದದ್ದರ ಅರ್ಧವೂ ಬಾರದಿದ್ದರೆ ಹಿಂತಿರುಗಿಸಲು ಆಗ ಇನ್ನೂ ಸಮಯ ಇರುತ್ತದೆ. ಮತ್ತೊಂದು ಕೆಲಸ ಇದೆ, ಅದಕ್ಕೆ ಬಿಸಿಲೂ ಬೇಡ, ಬ್ಯಾಟರಿಯೂ ಬೇಡ. ನಿಮ್ಮ ಜೊತೆ ಬರುವ ಹಿರಿಯರ ಚೀಲದಲ್ಲಿ ದಿಂಡಿಯ ಸಂಖ್ಯೆ, ಇಬ್ಬರ ಫೋನ್ ನಂಬರ್, ಅವರು ತೆಗೆದುಕೊಳ್ಳುವ ಔಷಧಿಯ ಹೆಸರು ಬರೆದ ಚೀಟಿ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಹಾಕಿ. ಆ ದಿನದ ಗುಳಿಗೆಯೂ ಅವರ ಹತ್ತಿರವೇ ಇರಲಿ.