ಮೇಲಿನ ಮೆಟ್ಟಿಲು ಹತ್ತದ ಟೋನಿ ಫೋರ್ಡ್

ಇಂಗ್ಲೆಂಡಿನ ಕಾಲ್ಚೆಂಡಾಟವೆಂದರೆ ನಮ್ಮ ಮನೆಗಳ ಹುಡುಗರ ಬಾಯಲ್ಲಿ ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್ ಎಂಬ ಮೂರು ನಾಲ್ಕು ಹೆಸರುಗಳೇ ಸದಾ ಕುಣಿಯುತ್ತಿರುತ್ತವೆ. ದೂರದರ್ಶನದ ಮುಂದೆ ಕುಳಿತವರಿಗೆ ಕಾಣುವುದೂ ಅಷ್ಟೇ. ಆದರೆ ಆ ದೇಶದ ಲೀಗು ನಾಲ್ಕು ಅಂತಸ್ತಿನ ಮನೆಯಿದ್ದ ಹಾಗೆ. ಮೇಲಿನ ಅಂತಸ್ತಿನಲ್ಲಿ 20 ತಂಡಗಳು, ಕೆಳಗಿನ ಮೂರರಲ್ಲಿ ತಲಾ 24, ಒಟ್ಟು 92. ವರ್ಷದ ಕೊನೆಗೆ ಚೆನ್ನಾಗಿ ಆಡಿದವರು ಮೇಲೇರುತ್ತಾರೆ. ತೀರ ಹಿಂದೆ ಬಿದ್ದವರು ಮುಲಾಜಿಲ್ಲದೆ ಕೆಳಗಿಳಿಯುತ್ತಾರೆ. ಕೆಳಗಿನ ಅಂತಸ್ತುಗಳಲ್ಲಿ ಬಾಳ್ವೆ ಮಾಡುವ ಆಟಗಾರರ ವಿಷಯ ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಆದಕಾರಣ ಅಂಥವರಲ್ಲಿ ಒಬ್ಬನನ್ನು ಓದುಗರಿಗೆ ಪರಿಚಯ ಮಾಡಿಕೊಡೋಣವೆಂದು ನಾವು ಹೊರಟಿದ್ದೇವೆ.

ಆತನ ಹೆಸರು ಟೋನಿ ಫೋರ್ಡ್. ಹುಟ್ಟಿದ್ದು 1959ರ ಮೇ 14ರಂದು, ಗ್ರಿಮ್ಸ್‌ಬಿಯಲ್ಲಿ. ಹಂಬರ್ ನದಿ ಸಮುದ್ರ ಸೇರುವಲ್ಲಿರುವ ಈ ಪಟ್ಟಣ ಒಂದು ಕಾಲದಲ್ಲಿ ಮೀನುಗಾರಿಕೆಗೆ ಜಗತ್ಪ್ರಸಿದ್ಧವಾಗಿತ್ತು. ಊರಿನ ತಂಡದ ಅಡ್ಡಹೆಸರೂ ‘ನಾವಿಕರು’ ಎಂದೇ. ಒಂದು ವಿನೋದವೆಂದರೆ, ಗ್ರಿಮ್ಸ್‌ಬಿ ತಂಡದ ಮೈದಾನವಿರುವುದು ಪಕ್ಕದ ಕ್ಲೀಥಾರ್ಪ್ಸ್ ಊರಿನಲ್ಲಿ! ಹೀಗಾಗಿ ತವರಿನ ಆಟವನ್ನೂ ಅವರು ಪರಊರಿನಲ್ಲೇ ಆಡಬೇಕು. ಹುಟ್ಟಿದ ಊರು ಬಿಟ್ಟು ಬಂದು ಸಂಸಾರ ಹೂಡಿರುವ ನಮ್ಮಂಥವರಿಗೆ ಈ ಸಂಗತಿ ಕೇಳಿ ತುಸು ಸಮಾಧಾನವಾದೀತು.

1975ರ ಅಕ್ಟೋಬರಿನಲ್ಲಿ ಫೋರ್ಡ್ ಮೊದಲ ಸಲ ಮೈದಾನಕ್ಕಿಳಿದಾಗ ಅವನ ವಯಸ್ಸು ಹದಿನಾರು ವರ್ಷ, ನೂರ ನಲವತ್ತಮೂರು ದಿನ. ಮರುವರ್ಷವೇ ಐಸ್‌ಲೆಂಡಿನ ಸಮುದ್ರದಲ್ಲಿ ಮೀನು ಹಿಡಿಯುವ ಜಗಳ ಇಂಗ್ಲೆಂಡಿಗೆ ಪ್ರತಿಕೂಲವಾಗಿ ಮುಗಿಯಿತು. ಗ್ರಿಮ್ಸ್‌ಬಿಯ ದೋಣಿಗಳು ದಡ ಹಿಡಿದವು, ಊರಿನ ಕಸುಬು ಇಳಿಮುಖವಾಯಿತು. 1977ರಲ್ಲಿ ತಂಡವೂ ಕೊನೆಯ ದರ್ಜೆಗೆ ಬಿತ್ತು. ಆಗ ಈ ಹುಡುಗನೂ ಅವನ ಸಂಗಡಿಗರೂ ಸೇರಿ ಎರಡು ವರ್ಷದಲ್ಲಿ ಎರಡು ಮೆಟ್ಟಿಲು ಹತ್ತಿಸಿದರು: 1979ರಲ್ಲಿ ಮೂರನೆಯ ದರ್ಜೆಗೆ, 1980ರಲ್ಲಿ ಅದರಲ್ಲೂ ಪ್ರಥಮ ಸ್ಥಾನ ಗಳಿಸಿ ಎರಡನೆಯ ದರ್ಜೆಗೆ. ಕೆಲಸ ಕಳೆದುಕೊಂಡ ಊರಿಗೆ ಶನಿವಾರದ ಮಧ್ಯಾಹ್ನ ತಲೆಯೆತ್ತಿ ನಡೆಯಲು ಅಷ್ಟಾದರೂ ಕಾರಣ ಸಿಕ್ಕಿತು.

ಫೋರ್ಡ್ ಆಡುತ್ತಿದ್ದುದು ಮಧ್ಯಭಾಗದ ಬಲ ಅಂಚಿನಲ್ಲಿ. ಅದು ಮೆರೆಯುವವರ ಜಾಗವಲ್ಲ. ಗೋಲು ಹೊಡೆದರೆ ಹೊಗಳಿಕೆ ಮುಂದಿನವನಿಗೆ, ತಡೆದರೆ ಗೋಲ್‌ಕೀಪರನಿಗೆ. ನಡುವೆ ಓಡುವವನು ಚೆಂಡನ್ನು ಹಿಂದಿನಿಂದ ತಂದು ಮುಂದಕ್ಕೆ ಮುಟ್ಟಿಸಬೇಕು. ಎದುರಾಳಿ ನುಗ್ಗಿದರೆ ಮತ್ತೆ ಓಡಿ ಹಿಂದಕ್ಕೆ ಬರಬೇಕು. ಕಡತವನ್ನು ಮೇಜಿನಿಂದ ಮೇಜಿಗೆ ಮುಟ್ಟಿಸಿ, ಸಹಿ ಹಾಕುವ ಭಾಗ್ಯವನ್ನು ಮಾತ್ರ ಮೇಲಿನವರಿಗೆ ಬಿಡುವ ಗುಮಾಸ್ತೆಯ ಪಾಡೂ ಇದೇ ಎಂದು ನಮ್ಮ ಕಚೇರಿಯ ಬಂಧುಗಳು ಬಲ್ಲರು.

ಹನ್ನೊಂದು ವರ್ಷಗಳ ಮೇಲೆ, 1986ರಲ್ಲಿ, ಫೋರ್ಡ್ ಸ್ಟೋಕ್ ಸಿಟಿಗೆ ಹೋದನು. ಐವತ್ತು ತುಂಬಿದ ಮೇಲೂ ಆಡಿದ ಪ್ರಖ್ಯಾತ ಸ್ಟಾನ್ಲಿ ಮ್ಯಾಥ್ಯೂಸ್ 1965ರಲ್ಲಿ ಕಡೆಯ ಆಟವಾಡಿದ್ದು ಇದೇ ತಂಡಕ್ಕೆ. 1989ರಲ್ಲಿ ಫೋರ್ಡ್ ವೆಸ್ಟ್ ಬ್ರಾಮ್‌ವಿಚ್ ಸೇರಿದನು. ಆ ವರ್ಷ ಇಂಗ್ಲೆಂಡಿನ ‘ಬಿ’ ತಂಡಕ್ಕೂ ಅವನಿಗೆ ಕರೆ ಬಂತು. ಇನ್ನೇನು, ಬಾಗಿಲು ತೆರೆಯಿತೆಂದೇ ತೋರಿತು. ಆದರೆ ತೆರೆಯಲಿಲ್ಲ. ಸೇರಿದ ತಂಡವೇ 1991ರಲ್ಲಿ, ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ, ಮೂರನೆಯ ದರ್ಜೆಗೆ ಕುಸಿಯಿತು. ಫೋರ್ಡ್ ಮರಳಿ ಗ್ರಿಮ್ಸ್‌ಬಿಗೆ ಬಂದನು. ತವರು ತಂಡಕ್ಕೆ ಅವನು ಹೀಗೆ ಎರಡು ಸರದಿ ಆಡಿದನು.

ಮುಂದಿನದು ಇಳಿಜಾರು. 1994ರಲ್ಲಿ ಸ್ಕನ್‌ಥಾರ್ಪ್. 1996ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಲೀಗಿನಿಂದಲೇ ಹೊರಗಿದ್ದ ಬ್ಯಾರೊ ತಂಡ. ಅಲ್ಲಿಗೆ ಕತೆ ಮುಗಿಯಿತೆಂದು ಯಾರಾದರೂ ಹೇಳಿಯಾರು. ಆದರೆ ಅದೇ ವರ್ಷ ಕೊನೆಯ ದರ್ಜೆಯ ಮ್ಯಾನ್ಸ್‌ಫೀಲ್ಡ್ ಅವನನ್ನು ಕರೆಯಿತು. ಕಾಲಿನ ವೇಗ ತಗ್ಗಿತ್ತು. ಅವನು ಜಾಗ ಬದಲಿಸಿ ರಕ್ಷಣೆಯ ಸಾಲಿಗೆ ಸರಿದನು. ಹುಡುಗನಾಗಿದ್ದಾಗ ಎದುರಾಳಿಯನ್ನು ಓಡಿ ಮೀರುತ್ತಿದ್ದವನು ಈಗ ಎದುರಾಳಿ ಎತ್ತ ಓಡುವನೆಂಬುದನ್ನು ಮೊದಲೇ ಊಹಿಸಿ ಅಲ್ಲಿ ನಿಲ್ಲುವುದನ್ನು ರೂಢಿಸಿಕೊಂಡನು. ಮ್ಯಾನ್ಸ್‌ಫೀಲ್ಡಿನಲ್ಲಿರುವಾಗಲೇ, 1999ರಲ್ಲಿ, ಟೆರಿ ಪೇನ್ ಎಂಬಾತನ 824 ಲೀಗ್ ಆಟಗಳ ದಾಖಲೆಯನ್ನು ದಾಟಿದನು. ಬಳಿಕ ರಾಚ್‌ಡೇಲ್. 1844ರಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಕೂಡಿ ಹೆಸರಾಂತ ಸಹಕಾರದ ಅಂಗಡಿ ತೆರೆದ ಊರು ಅದು. ಅಲ್ಲಿನ ಕಾಲ್ಚೆಂಡಿನ ತಂಡ ಮಾತ್ರ 1974ರಿಂದ 2010ರ ವರೆಗೆ ಕಟ್ಟಕಡೆಯ ದರ್ಜೆಯಲ್ಲೇ ಕುಳಿತಿತ್ತು. ಆ ತಂಡದಲ್ಲಿ ಆಡಿ, 2001ರಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿ ಫೋರ್ಡ್ ಆಟ ನಿಲ್ಲಿಸಿದನು.

ಒಟ್ಟು ಲೀಗ್ ಆಟಗಳು 931. ಗೋಲ್‌ಕೀಪರುಗಳನ್ನು ಬಿಟ್ಟರೆ ಇಂಗ್ಲೆಂಡಿನಲ್ಲಿ ಇಷ್ಟು ಆಡಿದವರು ಬೇರೊಬ್ಬರಿಲ್ಲ. ಕೆಳದರ್ಜೆಯಲ್ಲಿ ವರ್ಷಕ್ಕೆ 46 ಆಟ. ಒಂದನ್ನೂ ತಪ್ಪಿಸದೆ ಆಡಿದರೂ ಈ ಲೆಕ್ಕ ತುಂಬಲು ಇಪ್ಪತ್ತು ವರ್ಷ ಸಾಲದು. ಇಷ್ಟರಲ್ಲಿ ಮೊದಲ ದರ್ಜೆಯಲ್ಲಿ ಅವನು ಆಡಿದ್ದು ಎಷ್ಟು? ಒಂದೂ ಇಲ್ಲ! ಮೇಲಿನ ಅಂತಸ್ತಿನ ಹೊಸ್ತಿಲನ್ನು ಅವನು ತುಳಿಯಲೇ ಇಲ್ಲ. ಆದರೂ ಆಟಕ್ಕೆ ಸಲ್ಲಿಸಿದ ಸೇವೆಗೆಂದು ರಾಣಿಯವರ ಸರ್ಕಾರ ಅವನಿಗೆ ಎಂ.ಬಿ.ಇ. ಬಿರುದನ್ನಿತ್ತು ಗೌರವಿಸಿತು.

ಇದನ್ನು ಸೋಲೆನ್ನಬೇಕೆ, ಗೆಲುವೆನ್ನಬೇಕೆ? ಕೆಳದರ್ಜೆಯಲ್ಲಿ ಹಣ ಕಡಿಮೆ, ಕರಾರಿನ ಅವಧಿ ಚಿಕ್ಕದು. ಮುಂದಿನ ವರ್ಷ ಅನ್ನ ಯಾವ ಊರಿನಲ್ಲೆಂಬುದು ಹೆಂಡತಿಮಕ್ಕಳಿಗೂ ತಿಳಿದಿರುವುದಿಲ್ಲ. ಮೊಣಕಾಲು ಒಮ್ಮೆ ತಿರುಚಿದರೆ ಜೀವನೋಪಾಯವೇ ಹೋಯಿತು. ಇಂಥಲ್ಲಿ ಇಪ್ಪತ್ತಾರು ವರ್ಷ ನಿಂತದ್ದು ಕೇವಲ ಅದೃಷ್ಟದಿಂದಲ್ಲ; ದೇಹವನ್ನು ಹದದಲ್ಲಿಟ್ಟುಕೊಂಡು, ಕೊಟ್ಟ ಜಾಗದಲ್ಲಿ ಆಡಿ, ಚಿಕ್ಕ ತಂಡವೆಂದು ಮೂಗುಮುರಿಯದೆ ನಡೆದದ್ದರಿಂದ.

ನಮ್ಮಲ್ಲಿ ಈಗ ಮಕ್ಕಳಿಗೆ ಮೊದಲ ರ‍್ಯಾಂಕಲ್ಲದೆ ಬೇರೆ ಗತಿಯಿಲ್ಲವೆಂಬ ಭಾವನೆ ಮನೆಮನೆಯಲ್ಲೂ ಬೇರೂರಿದೆ. ಮೇಲೇರುವ ಆಸೆ ತಪ್ಪಲ್ಲ. ಫೋರ್ಡನಿಗೂ ಅದು ಇಲ್ಲದಿರಲಿಲ್ಲ. ಆದರೆ ಏರಲಾರದವನ ಬದುಕು ಬರಿದೆಂದು ನಾವು ಮಕ್ಕಳಿಗೆ ಕಲಿಸಿದರೆ, 92ರಲ್ಲಿ 72 ತಂಡಗಳ ಆಟಗಾರರೆಲ್ಲ ವ್ಯರ್ಥರೆಂದು ಹೇಳಿದಂತಾಯಿತು. ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಿದ್ದುಂಟು. ಯಾವ ಅಂತಸ್ತಿನಲ್ಲಿ ಬಾಳಿಯಾನು ಎಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯ ಅವರಿಗೆ ಕಂಡಿರಲಿಕ್ಕಿಲ್ಲ.